ಇಂಗ್ಲಿಷನ್ನು ನಡುವಿನಿಂದ ಎಬ್ಬಿಸಿ: ಅರ್ಧಕ್ಕೆ ನಿಂತ ಮ್ಯಾಂಡರಿನ್ ಮಾತು ಮುಂದೆ ಸಾಗಲು ಒಂದು ಸಮಗ್ರ ಮಾರ್ಗದರ್ಶಿ

ಮ್ಯಾಂಡರಿನ್ ಕಲಿಯಲು ಹೊರಟವರಲ್ಲಿ ಬಹಳ ಮಂದಿ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಾರೆ. ಹೆಸರು ಹೇಳಲು ಬರುತ್ತದೆ, ಚಹಾ ಕೇಳಲು ಬರುತ್ತದೆ, "ಇದಕ್ಕೆಷ್ಟು?" ಎನ್ನಲು ಬರುತ್ತದೆ. ಟ್ಯಾಕ್ಸಿ ಹತ್ತಿ ಹೋಗಬೇಕಾದ ಜಾಗ ಹೇಳಿದರೆ ಚಾಲಕನಿಗೆ ಅರ್ಥವೂ ಆಗುತ್ತದೆ. ಅವನು ಖುಷಿಯಿಂದ ಕನ್ನಡಿಯಲ್ಲಿ ನಮ್ಮ ಮುಖ ನೋಡಿ ಎರಡನೇ ಪ್ರಶ್ನೆ ಕೇಳುತ್ತಾನೆ ನೋಡಿ, ಅಲ್ಲಿಗೆ ನಮ್ಮ ಚೀನೀ ಮುಗಿಯಿತು. ಉಳಿದ ದಾರಿಯಿಡೀ ಹಲ್ಲು ಕಿರಿಯುವುದೇ ಕೆಲಸ.

ನಾನು ಆ ಜಾಗದಲ್ಲಿ ಹೆಚ್ಚುಕಡಿಮೆ ಎರಡು ವರ್ಷ ನಿಂತಿದ್ದೆ. ಪದಗಳ ಪಟ್ಟಿ ಉದ್ದ ಮಾಡುತ್ತಾ ಹೋದೆ, ಮಾತು ಮಾತ್ರ ಉದ್ದವಾಗಲಿಲ್ಲ. ಕೊನೆಗೆ ಹೊಳೆದದ್ದು ಇಷ್ಟು: ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ಮಾಡಿಕೊಂಡು, ಅಲ್ಲಿಂದ ಚೀನಿಗೆ ದಾಟುತ್ತಿದ್ದೆ. ಮೈಸೂರಿಗೆ ಹೋಗಲು ಹುಬ್ಬಳ್ಳಿ ಬಸ್ಸು ಹತ್ತಿದ ಹಾಗೆ. ವಾಕ್ಯ ಕಟ್ಟುವ ರೀತಿ, ಲೆಕ್ಕ ಹಾಕುವ ರೀತಿ, ಮನೆಗೆ ಬಂದವರನ್ನು ಮಾತಾಡಿಸುವ ರೀತಿ, ಇವುಗಳಲ್ಲೆಲ್ಲ ಚೀನೀ ಮಾತು ಇಂಗ್ಲಿಷಿಗಿಂತ ಕನ್ನಡಕ್ಕೆ ಎಷ್ಟೋ ಕಡೆ ಹತ್ತಿರ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ. ಮೊದಲ ಒಂದೆರಡು ಪಾಠಪುಸ್ತಕ ಮುಗಿಸಿ ಸುಮಾರು 600 ಪದ ಗೊತ್ತಿರುವವರಿಗೆ, ಅಂದರೆ ಹಳೆಯ ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ಮೂರನೇ ಮಟ್ಟದ ಆಸುಪಾಸಿನಲ್ಲಿ ಇರುವವರಿಗೆ, ಇದನ್ನು ಬರೆದಿದ್ದೇನೆ.

ಓದುವ ಮುನ್ನ ಒಂದು ಒಪ್ಪಂದ. ಚೀನೀ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಪಕ್ಕದ ಅಂಕಿ ಸ್ವರದ್ದು, ಅಂದರೆ ದನಿಯ ಏರಿಳಿತದ್ದು: 1 ಮೇಲೆ ಸಮನಾಗಿ ಎಳೆಯುವುದು, 2 ಏರುವುದು, 3 ತಗ್ಗಿನಲ್ಲಿ ನಿಲ್ಲುವುದು, 4 ಮೇಲಿನಿಂದ ಬೀಳುವುದು. ಅಂಕಿ ಇಲ್ಲದಿದ್ದರೆ ಹಗುರವಾಗಿ ತೇಲಿಸಿ. ‘ಫ’ ಎಂದರೆ ಫ್ಯಾನಿನ ಫ ಅಲ್ಲ, ಪ ಅಕ್ಷರದ ಮಹಾಪ್ರಾಣ. ಫ್ಯಾನಿನದು ಬೇಕಾದಾಗ ‘ಫ಼’ ಎಂದು ಚುಕ್ಕೆ ಇಡುತ್ತೇನೆ. ‘ಛೃ’, ‘ಷೃ’ ಕಂಡರೆ ‘ರು’ ಎನ್ನಬೇಡಿ. ನಾಲಿಗೆಯ ತುದಿ ಮಡಚಿ, ಬೇರೆ ಸ್ವರಾಕ್ಷರ ಸೇರಿಸದೆ ಹಾಗೇ ಎಳೆಯಿರಿ.

ಹಂತ 1: ಉಸಿರು ಸರಿಮಾಡಿಕೊಳ್ಳಿ

ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಫಿನ್‌ಯಿನ್ ನಮಗೆ ಮಾಡಿದ ಮೊದಲ ಅನ್ಯಾಯ ಇಲ್ಲಿದೆ. ಅಲ್ಲಿ ‘ಬಿ’ ಅಕ್ಷರ ನೋಡಿ ನಾವು ಬ ಎನ್ನುತ್ತೇವೆ, ‘ಡಿ’ ನೋಡಿ ಡ ಎನ್ನುತ್ತೇವೆ. ಮ್ಯಾಂಡರಿನ್‌ನಲ್ಲಿ ಬ, ದ, ಗ ಇಲ್ಲವೇ ಇಲ್ಲ. ಇರುವುದು ಪ-ಫ, ತ-ಥ, ಕ-ಖ, ಚ-ಛ ಎಂಬ ಜೋಡಿಗಳು. ನಾವು ಬೀಜಿಂಗ್ ಎನ್ನುವ ಊರನ್ನು ಅಲ್ಲಿಯವರು ಪೇಯ್3ಚಿಂಗ್1 ಎನ್ನುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣ ಎಂದು ಒಂದನೇ ತರಗತಿಯಲ್ಲೇ ಕಲಿತ ನಮಗೆ ಇದು ಹುಟ್ಟಿನಿಂದ ಬಂದ ಆಸ್ತಿ. ಇಂಗ್ಲಿಷ್ ಮಾತ್ರ ಬಲ್ಲವರು ಇದಕ್ಕೆ ಬೆವರು ಸುರಿಸುತ್ತಾರೆ.

ಆದರೆ ಆಸ್ತಿ ಕಾಗದದಲ್ಲಿದೆ, ಬಾಯಲ್ಲಿ ಇಲ್ಲ. ಆಡುಮಾತಿನಲ್ಲಿ ನಾವು ಭಾಷೆಯನ್ನು ಬಾಷೆ, ಖಾರವನ್ನು ಕಾರ ಮಾಡಿಬಿಟ್ಟಿದ್ದೇವೆ. ಮ್ಯಾಂಡರಿನ್‌ನಲ್ಲಿ ಆ ಸೋಮಾರಿತನ ನಡೆಯುವುದಿಲ್ಲ. ತೂ4ತ್ಸ ಪಾವ್3 ಲ ಎಂದರೆ ಹೊಟ್ಟೆ ತುಂಬಿತು. ಥೂ4ತ್ಸ ಫಾವ್3 ಲ ಎಂದರೆ ಮೊಲ ಓಡಿಹೋಯಿತು. ಸ್ವರಗಳು ಎರಡರಲ್ಲೂ ಒಂದೇ, ಉಸಿರೊಂದೇ ಬೇರೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಈ ಎರಡು ವಾಕ್ಯಗಳನ್ನು ದಿನಕ್ಕೆ ಇಪ್ಪತ್ತು ಸಲ ಹೇಳಿ. ಮೊಲ ಓಡುವಾಗ ಗಾಳಿ ತಾಗಬೇಕು, ಹೊಟ್ಟೆ ತುಂಬುವಾಗ ತಾಗಬಾರದು.

ಇನ್ನು ಸ್ವರ. ಆರಂಭದಲ್ಲಿ ಮಾ1, ಮಾ2, ಮಾ3, ಮಾ4 ಎಂದು ಒಂಟಿ ಅಕ್ಷರ ಹಾಡಿದ್ದೀರಿ. ಈಗ ಅದನ್ನು ಬಿಟ್ಟು ಜೋಡಿಗೆ ಬನ್ನಿ. ಮಾತಿನಲ್ಲಿ ಹೆಚ್ಚಿನ ಪದಗಳು ಎರಡು ಅಕ್ಷರದವು, ತಪ್ಪುವುದೂ ಒಂದರಿಂದ ಇನ್ನೊಂದಕ್ಕೆ ಜಾರುವಾಗಲೇ. ನಾಲ್ಕು ಸ್ವರಕ್ಕೆ ಹಗುರ ಸ್ವರ ಸೇರಿಸಿದರೆ ಒಟ್ಟು 20 ಜೋಡಿ. ಮೂರು-ಮೂರು ಎದುರಾದರೆ ಮೊದಲನೆಯದು ಎರಡಾಗುತ್ತದೆ, ಆದ್ದರಿಂದ ಕಿವಿಗೆ ಕೇಳುವುದು 19. ಪ್ರತಿ ಜೋಡಿಗೂ ಒಂದು ಪದ ಆರಿಸಿ, ಒಂದು ಹಾಳೆಯಲ್ಲಿ ಬರೆದು, ಸ್ಥಳೀಯರ ಧ್ವನಿ ಇರುವ ನಿಘಂಟಿನಲ್ಲಿ (ಪ್ಲೆಕೋ ಸಾಕು) ಕೇಳಿ, ಹಾಗೇ ಅನುಕರಿಸಿ, ಫೋನಿನಲ್ಲಿ ಮುದ್ರಿಸಿ ಪಕ್ಕಪಕ್ಕದಲ್ಲಿಟ್ಟು ಕೇಳಿ. ಸ್ವಂತ ಧ್ವನಿ ಕೇಳುವುದು ಹಿಂಸೆ, ನಿಜ.

ಮೂರನೇ ಸ್ವರವನ್ನು ಇಳಿದು ಏರುವುದು ಎಂದು ಚಿತ್ರ ಬರೆದು ಕಲಿಸಿರುತ್ತಾರೆ. ಮಾತಿನ ನಡುವೆ ಅದು ಏರುವುದೇ ಅಪರೂಪ. ಮಧ್ಯಾಹ್ನ ನಿದ್ದೆಗಣ್ಣಿನ ಅಜ್ಜ ‘ಹೂಂ…’ ಎಂದು ತಗ್ಗಿನಲ್ಲಿ ಎಳೆಯುತ್ತಾರಲ್ಲ, ಅದೇ ಮೂರನೇ ಸ್ವರ. ಎರಡನೆಯದು, ಕೇಳಿಸದಾಗ ನಾವು ಅನ್ನುವ ‘ಹಾಂ?’. ನಾಲ್ಕನೆಯದು ಮಗು ಚರಂಡಿಯ ಹತ್ತಿರ ಹೋದಾಗ ತಾಯಿ ಕೂಗುವ ‘ಏಯ್!’. ವ್ಯಾಪಾರಕ್ಕೆ ಹೋಗುವವರು ಈ ಒಂದು ಜೋಡಿಯನ್ನಾದರೂ ತಪ್ಪಬಾರದು: ಮಾಯ್3 ಎಂದರೆ ಕೊಳ್ಳು, ಮಾಯ್4 ಎಂದರೆ ಮಾರು.

ಹಂತ 2: ವ್ಯಾಕರಣವನ್ನು ಕನ್ನಡದಿಂದ ದಾಟಿಸಿ

ಈ ಹಂತಕ್ಕೆ ಹೆಚ್ಚು ದಿನ ಕೊಡಿ. ನನ್ನ ಮಾತು ಬದಲಾದದ್ದು ಇಲ್ಲೇ.

ವೋ3 ತ್ಸುವೋ2ಥಿಯೆನ್1 ಮಾಯ್3 ತ ಷೂ1. ಪದಕ್ಕೆ ಪದ ಇಟ್ಟರೆ: ನಾನು, ನಿನ್ನೆ, ಕೊಂಡ, ಪುಸ್ತಕ. ‘ನಾನು ನಿನ್ನೆ ಕೊಂಡ ಪುಸ್ತಕ’. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು ಬಂದು ವಿವರಣೆ ಬಾಲದ ಹಾಗೆ ಹಿಂದೆ ನೇತಾಡುತ್ತದೆ. ಚೀನಿಯಲ್ಲಿ, ಕನ್ನಡದಲ್ಲಿ, ವಿವರಣೆಯೆಲ್ಲ ಮುಗಿದ ಮೇಲೆ ವಸ್ತು. ಆ ‘ತ’ ಎಂಬ ಪುಟ್ಟ ಅಕ್ಷರ ನಮ್ಮ ‘ಕೊಂಡ, ಮಾಡುವ, ಬಂದ’ಗಳ ಕೊನೆಯ ‘ಅ’ ಇದ್ದ ಹಾಗೆ. ಇದು ಹೊಳೆದ ದಿನ ಉದ್ದ ವಾಕ್ಯದ ಭಯ ಅರ್ಧ ಹೋಗುತ್ತದೆ. ಅಭ್ಯಾಸ: ದಿನಾ ಐದು ವಸ್ತು ನೋಡಿ, ‘ಅಮ್ಮ ಕಳಿಸಿದ ಉಪ್ಪಿನಕಾಯಿ’, ‘ಹೋದ ವಾರ ಕೆಟ್ಟ ಫೋನು’ ಎಂದು ಕನ್ನಡದಲ್ಲಿ ಅಂದುಕೊಂಡು, ಅದೇ ಅನುಕ್ರಮದಲ್ಲಿ ಚೀನಿಯಲ್ಲಿ ಹೇಳಿ.

ಎರಡನೆಯದು ‘ಲ’. ಇದನ್ನು ಭೂತಕಾಲ ಎಂದು ಕಲಿಸಿದವರಿಂದ ಆದ ಹಾನಿ ಅಷ್ಟಿಷ್ಟಲ್ಲ. ಬಾಗಿಲಲ್ಲಿ ಯಾರೋ ಕೂಗುತ್ತಾರೆ, ನೀವು ಒಳಗಿನಿಂದ ‘ಬಂದೆ ಬಂದೆ!’ ಎನ್ನುತ್ತೀರಿ. ಇನ್ನೂ ಕುರ್ಚಿಯಿಂದ ಎದ್ದಿಲ್ಲ. ಚೀನಿಯಲ್ಲೂ ಅದೇ: ಲಾಯ್2 ಲ! ಆಕಾಶದಲ್ಲಿ ಮೊದಲ ಹನಿ ಬಿದ್ದಾಗ ‘ಮಳೆ ಬಂತು’ ಎನ್ನುತ್ತೇವೆ: ಶ್ಯಾ4 ಯೂ3 ಲ. ನೆಂಟರ ಮನೆಯಲ್ಲಿ ಎದ್ದು ನಿಂತು ‘ಹೊರಟೆ’ ಎನ್ನುತ್ತೇವೆ, ಕಾಲು ಇನ್ನೂ ಹೊಸ್ತಿಲು ದಾಟಿಲ್ಲ: ವೋ3 ತ್ಸೋವ್3 ಲ. ಪರಿಸ್ಥಿತಿ ಬದಲಾಯಿತು ಎಂದು ಸಾರುವುದೇ ‘ಲ’ದ ಕೆಲಸದ ಮುಖ್ಯ ಪಾಲು. ಅನುಮಾನ ಬಂದಾಗ ಆ ಜಾಗದಲ್ಲಿ ಕನ್ನಡದಲ್ಲಿ ‘ಆಯ್ತು, ಬಂತು, ಹೋಯ್ತು’ ಬರುತ್ತದೆಯೇ ನೋಡಿ. ಬಂದರೆ ಬಹುಪಾಲು ‘ಲ’ವೂ ಬರುತ್ತದೆ.

ಇಲ್ಲ ಮತ್ತು ಅಲ್ಲ. ಇಂಗ್ಲಿಷಿಗೆ ಎರಡಕ್ಕೂ ಒಂದೇ ಪದ, ನಮಗೆ ಎರಡು, ಚೀನಿಗೂ ಎರಡು. ‘ಪೂ2 ಷೃ4’ ಅಲ್ಲ, ‘ಮೇಯ್2 ಯೋವ್3’ ಇಲ್ಲ. ‘ನಾನು ಬರಲ್ಲ’ ಎನ್ನಲು ಪೂ4, ‘ನಾನು ಬರಲಿಲ್ಲ’ ಎನ್ನಲು ಮೇಯ್2.

ನಾಳೆ, ಮನೆಯಲ್ಲಿ ಎಂಬ ಕಾಲ-ಸ್ಥಳಗಳು ಎರಡೂ ಭಾಷೆಗಳಲ್ಲಿ ಕ್ರಿಯಾಪದಕ್ಕಿಂತ ಮುಂಚೆ ಬರುತ್ತವೆ. ಕರ್ಮವೊಂದು ಮಾತ್ರ ಚೀನಿಯಲ್ಲಿ ಕ್ರಿಯಾಪದದ ಹಿಂದೆ ಹೋಗುತ್ತದೆ. ಅದನ್ನೂ ಮುಂದಕ್ಕೆ ಎಳೆದು ತರುವ ಹಗ್ಗವೇ ಪಾ3. ‘ಪಾ3 ಮನ್2 ಕುವಾನ್1ಷಾಂಗ್’, ಬಾಗಿಲನ್ನು ಮುಚ್ಚು. ನಮ್ಮ ‘ಅನ್ನು’ ಪದದ ಹಿಂದೆ ಅಂಟುತ್ತದೆ, ಪಾ3 ಪದದ ಮುಂದೆ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಒಂದು ಷರತ್ತು: ಪಾ3 ಬಂದ ಮೇಲೆ ಕ್ರಿಯಾಪದ ಬರಿಗೈಯಲ್ಲಿ ನಿಲ್ಲಬಾರದು. ಓದಿ ಏನಾಯಿತು, ಇಟ್ಟದ್ದು ಎಲ್ಲಿ ಎಂಬ ಫಲಿತಾಂಶ ಜೊತೆಗಿರಬೇಕು. ಪ್ರೀತಿಸು, ತಿಳಿ, ಇರು ಮುಂತಾದವುಗಳ ಜೊತೆ ಅದು ಬರುವುದಿಲ್ಲ.

ಆ ಫಲಿತಾಂಶದ ಬಾಲಗಳೇ ಮಧ್ಯಮ ಮಟ್ಟದ ಜೀವಾಳ. ‘ನೋಡಿ ಮುಗಿಸು’ ಎನ್ನುವಂತೆ ಖಾನ್4ವಾನ್2. ‘ತಗೊಂಡು ಬಾ’ ಎನ್ನುವಂತೆ ನಾ2ಲಾಯ್2, ‘ತಗೊಂಡು ಹೋಗು’ ನಾ2ಛ್ಯೂ4. ನಡುವೆ ‘ಪು’ ಸೇರಿಸಿದರೆ ಆಗದು ಎಂಬ ಅರ್ಥ, ‘ತ’ ಸೇರಿಸಿದರೆ ಆಗುತ್ತದೆ ಎಂಬ ಅರ್ಥ. ಥಿಂಗ್1 ಪು ತುಂಗ್3: ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಊಟದ ಮೇಜಿನಲ್ಲಿ ಇದರ ಸೊಗಸು ನೋಡಿ. ಛೃ1 ಪು ಶ್ಯಾ4, ತಿನ್ನಲಾರೆ, ಹೊಟ್ಟೆಯಲ್ಲಿ ಜಾಗವಿಲ್ಲ. ಛೃ1 ಪು ಛಿ3, ತಿನ್ನಲಾರೆ, ಕೈಯಲ್ಲಿ ಕಾಸಿಲ್ಲ. ಛೃ1 ಪು ಕುವಾನ್4, ತಿನ್ನಲಾರೆ, ನಾಲಿಗೆಗೆ ರೂಢಿಯಿಲ್ಲ. ಬಡಿಸುವವರ ಎದುರು ಮೊದಲನೆಯದನ್ನು ಹೇಳಲು ಹೋಗಿ ಎರಡನೆಯದನ್ನು ಹೇಳಿದರೆ ಪಾಪ, ಅವರು ಇನ್ನೂ ಹೆಚ್ಚು ಬಡಿಸುತ್ತಾರೆ. ಪಟ್ಟಿ ಬರೆದು ಬಾಯಿಪಾಠ ಮಾಡಬೇಡಿ. ಒಂದು ಕ್ರಿಯಾಪದ ಹಿಡಿದು, ಒಂದು ವಾರ ಅದರ ಬಾಲಗಳ ಜೊತೆಗೇ ಬದುಕಿ.

ಕನ್ನಡ ಕೈಕೊಡುವ ಕಡೆಗಳನ್ನೂ ಹೇಳಿಬಿಡಬೇಕು. ‘ನನಗೆ ಗೊತ್ತು, ನನಗೆ ಹಸಿವು’ ಎಂಬ ‘ಗೆ’ ಅಲ್ಲಿ ಇಲ್ಲ. ‘ನಾನು ತಿಳಿ, ನಾನು ಹಸಿ’ ಎಂದೇ ಹೇಳಬೇಕು. ‘ಅವರು ಮೇಷ್ಟ್ರು’ ಎನ್ನಲು ನಮಗೆ ಕ್ರಿಯಾಪದ ಬೇಡ, ಅಲ್ಲಿ ನಡುವೆ ಷೃ4 ಬೇಕು. ಆದರೆ ‘ಅವಳು ಎತ್ತರ’ ಎನ್ನುವಾಗ ಆ ಷೃ4 ಬರಬಾರದು, ಅದರ ಜಾಗಕ್ಕೆ ಹನ್3 ಬರುತ್ತದೆ. ಎದುರಿಗಿರುವವರನ್ನೂ ಸೇರಿಸಿಕೊಂಡು ‘ನಾವು’ ಎನ್ನಲು ಉತ್ತರದವರು ತ್ಸಾನ್2ಮನ್ ಬಳಸುತ್ತಾರೆ. ತೆಲುಗಿನ ‘ಮನಮು’ ಗೊತ್ತಿರುವ ಬಳ್ಳಾರಿ, ಕೋಲಾರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಂತ 3: ಲೆಕ್ಕವನ್ನು ಲಕ್ಷದಲ್ಲೇ ಹಾಕಿ

ಚೀನಿಯಲ್ಲಿ ಹತ್ತು ಸಾವಿರಕ್ಕೆ ವಾನ್4 ಎಂಬ ಹೆಸರಿದೆ, ದೊಡ್ಡ ಲೆಕ್ಕವೆಲ್ಲ ಅದರ ಮೇಲೆ. ಇಂಗ್ಲಿಷಿನ ಮಿಲಿಯನ್‌ನಿಂದ ಅಲ್ಲಿಗೆ ಹೋಗುವವರು ಬೆರಳು ಎಣಿಸುತ್ತಾ ಕೂರುತ್ತಾರೆ. ನಮಗೆ ಒಂದು ಲಕ್ಷ ಎಂದರೆ ಹತ್ತು ವಾನ್. ಮೂರೂವರೆ ಲಕ್ಷ ಎಂದರೆ 35 ವಾನ್. ಒಂದು ಕೋಟಿ ಸಾವಿರ ವಾನ್, ಹತ್ತು ಕೋಟಿಗೆ ಒಂದು ಯೀ4. ಭಾರತದ ಜನಸಂಖ್ಯೆ ಎಷ್ಟು ಎಂದು ಯಾರಾದರೂ ಕೇಳಿದರೆ (ಕೇಳುತ್ತಾರೆ) 140 ಕೋಟಿಯ ಒಂದು ಸೊನ್ನೆ ತೆಗೆದು 14 ಯೀ4 ಎಂದರೆ ಮುಗಿಯಿತು.

ಅಂಗಡಿಯಲ್ಲಿ ‘ತಾ3 ಪಾ1 ಚ2’ ಎಂದು ಬೋರ್ಡು ಇದ್ದರೆ 80 ಪ್ರತಿಶತ ರಿಯಾಯಿತಿ ಎಂದು ಕುಣಿಯಬೇಡಿ. ಬೆಲೆಯ ಹತ್ತರಲ್ಲಿ ಎಂಟು ಪಾಲು ಕೊಡಬೇಕು ಎಂದರ್ಥ. ರಿಯಾಯಿತಿ 20 ಪ್ರತಿಶತ. ಫೋನ್ ನಂಬರ್, ಕೋಣೆ ನಂಬರ್ ಹೇಳುವಾಗ ಒಂದು ಎಂಬುದು ಯೀ1 ಬದಲು ಯಾವ್1 ಆಗುತ್ತದೆ. 1ರಿಂದ 10ರವರೆಗೆ ಒಂದೇ ಕೈಯಲ್ಲಿ ತೋರಿಸುವ ಸನ್ನೆಗಳನ್ನೂ ಕಲಿತುಬಿಡಿ: ಹೆಬ್ಬೆರಳು-ಕಿರುಬೆರಳು ಚಾಚಿದರೆ ಆರು, ಹೆಬ್ಬೆರಳು-ತೋರುಬೆರಳು ಚಾಚಿದರೆ ಎಂಟು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಷನ್ಚನ್ ನಗರದ ಹುವಾಛಿಯಾಂಗ್‌ಪೇಯ್ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗೆ ಹೋಗುವವರಿಗೆ ವ್ಯಾಕರಣಕ್ಕಿಂತ ಮೊದಲು ಇದು ಉಪಯೋಗಕ್ಕೆ ಬರುತ್ತದೆ.

ಹಂತ 4: ಮಾತಿಗೆ ಅಂಟು ಹಾಕಿ

ಪುಸ್ತಕದ ಚೀನೀ ಕಲಿತವರ ಮಾತು ಸುದ್ದಿ ಓದಿದ ಹಾಗೆ ಇರುತ್ತದೆ. ನಿಜವಾದ ಮಾತಿನಲ್ಲಿ ಅರ್ಧ ಪಾಲು ‘ಅದೇ’, ‘ಅಂದ್ರೆ’, ‘ಆಮೇಲೆ’, ‘ಹೌದಾ?’, ‘ಅಲ್ವಾ’. ಅವುಗಳ ಚೀನೀ ಜೊತೆಗಾರರು ಇವು. ಪದ ನೆನಪಾಗದಾಗ ನೇಯ್4ಕ (ಅದೂ…). ಬಿಡಿಸಿ ಹೇಳುವಾಗ ಚಿಯೋವ್4ಷೃ (ಅಂದ್ರೆ). ಕತೆ ಮುಂದುವರಿಸಲು ರಾನ್2ಹೋವ್4 (ಆಮೇಲೆ). ಎದುರಿನವರು ಮಾತಾಡುವಾಗ ತುಯ್4 ತುಯ್4 ತುಯ್4 (ಹೌದೌದು), ಷೃ4 ಮಾ? (ಹೌದಾ?). ಫೋನಿನಲ್ಲಿ ಇವುಗಳನ್ನು ಹಾಕದೆ ಸುಮ್ಮನೆ ಕೇಳುತ್ತಿದ್ದರೆ ಆ ಕಡೆಯವರು "ಕೇಳಿಸ್ತಾ ಇದೆಯಾ?" ಎಂದು ಕೂಗುತ್ತಾರೆ, ನಮ್ಮೂರಿನವರ ಹಾಗೆಯೇ.

ವಾಕ್ಯದ ಕೊನೆಯ ಬಾಲಗಳಲ್ಲಿ ‘ಪಾ’ ಬಹಳ ಉಪಕಾರಿ. ತ್ಸೋವ್3 ಪಾ ಎಂದರೆ ಹೋಗೋಣ. ನೀ3 ಷೃ4 ಯಿನ್4ತೂ4ರನ್2 ಪಾ? ಎಂದರೆ ‘ನೀವು ಇಂಡಿಯಾದವರು ಅಲ್ವಾ?’. 2017ರಲ್ಲಿ ಚೀನಾದಲ್ಲಿ ತೆರೆಕಂಡು ಜನ ಮುಗಿಬಿದ್ದು ನೋಡಿದ ‘ದಂಗಲ್’ ಸಿನಿಮಾದ ಅಲ್ಲಿಯ ಹೆಸರಿನಲ್ಲೂ ಈ ಪಾ ಇದೆ: ‘ಕುಸ್ತಿ ಆಡೋಣ, ಅಪ್ಪಾ’ ಎಂಬರ್ಥ. ಆ ಸಿನಿಮಾ, ಆಮೀರ್ ಖಾನ್ ವಿಷಯ ಎತ್ತಿದರೆ ಹತ್ತು ನಿಮಿಷದ ಮಾತು ತಾನಾಗಿ ಹುಟ್ಟುತ್ತದೆ.

ಸಿಕ್ಕಿಹಾಕಿಕೊಂಡಾಗ ಇಂಗ್ಲಿಷಿಗೆ ಹಾರಬೇಡಿ. ಮೂರು ವಾಕ್ಯ ಸಿದ್ಧವಿರಲಿ: ‘ಇನ್ನೊಂದು ಸಲ ಹೇಳಿ’, ‘ಆ ಪದ ಅಂದ್ರೆ ಏನು?’, ‘ಅದಕ್ಕೆ ಚೀನಿಯಲ್ಲಿ ಏನಂತಾರೆ?’. ನಿಮ್ಮ ಬಾಯಿಂದ ಒಂದು ಇಂಗ್ಲಿಷ್ ಪದ ಬಿದ್ದ ಕೂಡಲೇ ಇಂಗ್ಲಿಷ್ ಬಲ್ಲ ಎದುರಿನವರು ಆ ಕಡೆಗೆ ತಿರುಗಿಬಿಡುತ್ತಾರೆ. ಮತ್ತೆ ಈ ಕಡೆಗೆ ತರುವುದು ಕಷ್ಟ.

ಹಂತ 5: ಕರೆಯುವುದನ್ನು ಕಲಿಯಿರಿ

‘ಛೃ1 ಲ ಮಾ?’, ಊಟ ಆಯ್ತಾ? ಹಳೆಯ ತಲೆಮಾರಿನವರು, ನೆರೆಹೊರೆಯವರು ಕೇಳುವ ಈ ಪ್ರಶ್ನೆಗೆ ಇಂಗ್ಲಿಷ್ ಪುಸ್ತಕಗಳು ಅರ್ಧ ಪುಟ ವಿವರಣೆ ಕೊಡುತ್ತವೆ. ನಮಗೆ ವಿವರಣೆಯೇ ಬೇಡ. ಉತ್ತರ ಛೃ1 ಲ, ನೀ3 ನ? (ಆಯ್ತು, ನಿಮ್ದು?).

ಕರೆಯುವ ಪದ್ಧತಿಯೂ ನಮ್ಮದೇ. ಹೆಸರು ಮೊದಲು, ಪದವಿ ಆಮೇಲೆ: ವಾಂಗ್2 ಲಾವ್3ಷೃ1 ಎಂದರೆ ವಾಂಗ್ ಮೇಷ್ಟ್ರು. ವಾಂಗ್2 ಕ1 ಎಂದರೆ ವಾಂಗಣ್ಣ. ಲೀ3 ಚ್ಯೆ3 ಎಂದರೆ ಲೀ ಅಕ್ಕ. ಟ್ಯಾಕ್ಸಿಯವರಿಗೆ, ರಿಪೇರಿಯವರಿಗೆ ಷೃ1ಫ಼ು. ಅಂಗಡಿಯವರಿಗೆ ಲಾವ್3ಪಾನ್3. ಅಮ್ಮನ ವಯಸ್ಸಿನವರಿಗೆ ಆ1ಯೀ2. ಹೋಟೆಲಿನ ಹುಡುಗಿಯನ್ನು ಹಳೆಯ ಪುಸ್ತಕ ನೋಡಿ ಶಿಯಾವ್3ಚ್ಯೆ3 ಎಂದು ಕರೆಯಬೇಡಿ. ಚೀನಾದ ಹಲವು ಕಡೆ ಆ ಪದಕ್ಕೆ ಕೆಟ್ಟ ಅರ್ಥ ಹತ್ತಿದೆ. ‘ನೀವು’ ಎನ್ನಲು ನಿನ್2 ಇದೆ, ಆದರೆ ಕನ್ನಡದ ನೀವಿನಷ್ಟು ಓಡಾಟ ಅದಕ್ಕಿಲ್ಲ. ಉತ್ತರದಲ್ಲಿ ಹಿರಿಯರಿಗೆ, ಗಿರಾಕಿಗಳಿಗೆ; ದಕ್ಷಿಣದಲ್ಲಿ ಕೇಳಿಬರುವುದೇ ಕಡಿಮೆ. ನೀ3 ಎಂದರೆ ಅಗೌರವವೇನಿಲ್ಲ.

ನೆಂಟಸ್ತಿಕೆಯಲ್ಲಿ ಅಪ್ಪನ ಅಣ್ಣ, ಅಪ್ಪನ ತಮ್ಮ, ಸೋದರಮಾವ, ಸೋದರತ್ತೆ ಎಲ್ಲರಿಗೂ ಬೇರೆ ಬೇರೆ ಪದಗಳಿವೆ. ಇಂಗ್ಲಿಷಿನವರಿಗೆ ತಲೆನೋವು, ನಮಗೆ ಸರಾಗ. ಒಂದೇ ಕಡೆ ಎಡವುತ್ತೇವೆ. ಅಲ್ಲಿ ಅಪ್ಪನ ಸೋದರರ ಮಕ್ಕಳು ಮಾತ್ರ ಥಾಂಗ್2, ಉಳಿದವರೆಲ್ಲ ಪಿಯಾವ್3. ಅಂದರೆ ಚಿಕ್ಕಮ್ಮನ ಮಗನೂ ಸೋದರಮಾವನ ಮಗನೂ ಒಂದೇ ಗುಂಪಿಗೆ. ನಮ್ಮಲ್ಲಿ ಒಬ್ಬ ತಮ್ಮ, ಇನ್ನೊಬ್ಬ ಭಾವ! ಸೋದರಮಾವನ ಮಗಳನ್ನು ಮದುವೆಯಾಗುವ ನಮ್ಮ ಕಡೆಯ ರೂಢಿಯನ್ನು ಹೇಳಿದರೆ ಎದುರಿನವರ ಹುಬ್ಬು ಮೇಲೇರುತ್ತದೆ. ಚೀನಾದ ಹಳೆಯ ಕಾಲದಲ್ಲಿ ಅಂಥ ಮದುವೆಗಳಿದ್ದವು. 1980ರ ವಿವಾಹ ಕಾನೂನು ಅವನ್ನು ನಿಷೇಧಿಸಿತು. ಒಳ್ಳೆಯ ಹರಟೆಯ ವಿಷಯ, ಸಲುಗೆ ಬೆಳೆದ ಮೇಲೆ.

ಮದುವೆ ಆಗಿದೆಯಾ, ಮಕ್ಕಳೆಷ್ಟು, ತಿಂಗಳಿಗೆ ಸಂಬಳವೆಷ್ಟು? ಟ್ಯಾಕ್ಸಿಯವರ ಆ ಎರಡನೇ ಪ್ರಶ್ನೆ ಸಾಮಾನ್ಯವಾಗಿ ಇವುಗಳಲ್ಲೊಂದು. ನಮ್ಮ ರೈಲಿನ ಎದುರು ಸೀಟಿನವರನ್ನು ನೆನೆಸಿಕೊಳ್ಳಿ, ಸಿಟ್ಟು ಬರುವುದಿಲ್ಲ. ಈ ಎಂಟು-ಹತ್ತು ಪ್ರಶ್ನೆಗಳಿಗೆ ತಲಾ ಮೂರು ವಾಕ್ಯದ ಉತ್ತರ ಬರೆದಿಟ್ಟುಕೊಳ್ಳಿ. ಸಂಬಳಕ್ಕೆ ‘ಹೊಟ್ಟೆಗೆ ಸಾಕಾಗುತ್ತೆ’ (ಕೋವ್4 ಛೃ1 ಲ) ಎಂದರೆ ನಗುತ್ತಾರೆ, ಬಿಡುತ್ತಾರೆ.

ಹಂತ 6: ಊಟದ ಮೇಜು

ಮಾಂಸ ತಿನ್ನುವವರು ಇದನ್ನು ಹಾರಿಸಿ ಓದಬಹುದು. ಸಸ್ಯಾಹಾರಿಗಳು ‘ವೋ3 ಛೃ1 ಸೂ4’ (ನಾನು ಸಸ್ಯಾಹಾರಿ) ಎಂಬ ಒಂದೇ ವಾಕ್ಯ ನಂಬಿ ಕೂರಬೇಡಿ. ಬೀನ್ಸ್ ಪಲ್ಯ ಬರುತ್ತದೆ, ಮೇಲೆ ಕೊಚ್ಚಿದ ಹಂದಿಮಾಂಸ ಉದುರಿಸಿರುತ್ತಾರೆ. ರುಚಿಗೆ ಅಷ್ಟೇ ಅಲ್ಲವೇ ಎಂಬುದು ಅವರ ಲೆಕ್ಕ. ಒಂದೊಂದೇ ಹೆಸರಿಸಿ: ರೋವ್4 (ಮಾಂಸ), ಯೂ2 (ಮೀನು), ಚಿ1ತಾನ್4 (ಮೊಟ್ಟೆ), ಚೂ1ಯೋವ್2 (ಹಂದಿ ಕೊಬ್ಬು), ಪ್ರತಿಯೊಂದಕ್ಕೂ ಮೊದಲು ‘ಪೂ2 ಯಾವ್4 ಫ಼ಾಂಗ್4’ (ಹಾಕಬೇಡಿ) ಸೇರಿಸಿ. ದೊಡ್ಡ ಬೌದ್ಧ ದೇವಾಲಯಗಳ ಹತ್ತಿರ ಸೂ4ತ್ಸ್ಹಾಯ್4 ಹೋಟೆಲು ಹುಡುಕಿ. ಅಲ್ಲಿಯ ಬೌದ್ಧ ಅಡುಗೆಯಲ್ಲಿ ನಮ್ಮ ಮಡಿ ಅಡುಗೆಯ ಹಾಗೆ ಈರುಳ್ಳಿ-ಬೆಳ್ಳುಳ್ಳಿಯೂ ಇರುವುದಿಲ್ಲ.

ಬಡಿಸುವವರು ‘ಇನ್ನೊಂಚೂರು’ ಎನ್ನುತ್ತಾರೆ, ಅತಿಥಿ ‘ಬೇಡ ಬೇಡ’ ಎನ್ನುತ್ತಾನೆ, ಆದರೂ ಬಡಿಸುತ್ತಾರೆ. ಈ ನಾಟಕ ನಮಗೆ ಗೊತ್ತಿರುವುದೇ. ಮೊದಲ ಸಲವೇ ‘ಹಾಕಿ’ ಎನ್ನಬೇಡಿ. ಲೋಟ ತಾಗಿಸುವಾಗ ಹಿರಿಯರ ಲೋಟಕ್ಕಿಂತ ನಿಮ್ಮದನ್ನು ಸ್ವಲ್ಪ ಕೆಳಗೆ ಹಿಡಿಯಿರಿ. ಕಾನ್1 ಪೇಯ್1 ಎಂದರೆ ಲೋಟ ಬರಿದು ಮಾಡು ಎಂದೇ ಅರ್ಥ. ಕುಡಿಯದವರು ಚಹಾದ ಲೋಟ ಎತ್ತಿದರೂ ನಡೆಯುತ್ತದೆ. ಕ್ವಾಂಗ್‌ತುಂಗ್ ಪ್ರಾಂತದಲ್ಲಿ ಯಾರಾದರೂ ಚಹಾ ಸುರಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲನೆ ತಟ್ಟುತ್ತಾರೆ, ಅದೇ ಧನ್ಯವಾದ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಸತ್ತವರಿಗೆ ಹಚ್ಚುವ ಊದುಬತ್ತಿಯ ಹಾಗೆ ಕಾಣುತ್ತದೆ.

ಉಡುಗೊರೆಯಲ್ಲಿ ನಾವು ಸರಿಯಾಗಿ ತಿರುಗಾಮುರುಗಾ. ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಒಯ್ಯುವುದು ನಮ್ಮ ರೂಢಿ. ಚೀನಿಯಲ್ಲಿ ಗಡಿಯಾರ ಕೊಡುವುದು, ಸುಂಗ್4 ಚುಂಗ್1, ಸಾಯುವವರ ಕೊನೆಗಾಲಕ್ಕೆ ಜೊತೆಗಿರುವುದು ಎಂಬ ಮಾತಿನಂತೆಯೇ ಕೇಳಿಸುತ್ತದೆ. ಮುಯ್ಯಿಗೆ ನಾವು 101, 501 ಎಂದು ಒಂದು ಸೇರಿಸುತ್ತೇವೆ. ಅಲ್ಲಿ ಶುಭಕ್ಕೆ ಸರಿಸಂಖ್ಯೆ (ನಾಲ್ಕನ್ನು ಬಿಟ್ಟು), ಬೆಸಸಂಖ್ಯೆ ಸಾವಿನ ಮನೆಗೆ. ಲಕೋಟೆ ಕೆಂಪಗಿರಲಿ, ಬಿಳಿ ಬೇಡ.

ಹಂತ 7: ‘ನೋಡೋಣ’ ಎಂದರೆ ಏನು

ಮದುವೆಗೆ ಬರ್ತೀರಾ ಎಂದಾಗ ನಮ್ಮವರು ‘ನೋಡೋಣ’ ಎಂದರೆ ಬರುವುದಿಲ್ಲ ಎಂದು ನಮಗೆ ತಿಳಿಯುತ್ತದೆ. ತ್ಸಾಯ್4 ಷುವೋ1 ಪಾ (ಆಮೇಲೆ ಮಾತಾಡೋಣ), ಖಾವ್3ಲ್ಯೂ4 ಖಾವ್3ಲ್ಯೂ4 (ಯೋಚನೆ ಮಾಡೋಣ), ಪೂ2 ಥಾಯ್4 ಫ಼ಾಂಗ್1ಪಿಯೆನ್4 (ಅಷ್ಟು ಅನುಕೂಲವಿಲ್ಲ), ಇವು ಮೂರೂ ಅದೇ ಜಾತಿಯವು. ವ್ಯಾಪಾರದಲ್ಲಿ ಇವನ್ನು ಕೇಳಿಸಿಕೊಂಡು ‘ಹಾಗಾದರೆ ಯಾವಾಗ?’ ಎಂದು ಬೆನ್ನು ಹತ್ತುವವರು ಎದುರಿನವರ ಮಿಯೆನ್4ತ್ಸಗೆ, ಅಂದರೆ ನಾಲ್ಕು ಜನರ ಮುಂದಿನ ಮರ್ಯಾದೆಗೆ, ಕೈ ಹಾಕುತ್ತಾರೆ. ತಪ್ಪನ್ನು ಎಲ್ಲರೆದುರು ತೋರಿಸುವುದೂ ಅಷ್ಟೇ. ಒಬ್ಬರೇ ಇದ್ದಾಗ ಹೇಳಿ.

ವೀಚಾಟ್‌ನಲ್ಲಿ ಬರೆಯುವಾಗ ಒಂದು ಎಚ್ಚರ: ತುಟಿ ಮುಚ್ಚಿ ಸುಮ್ಮನೆ ನಗುವ ಆ ಹಳದಿ ಮುಖವನ್ನು ಚಿಕ್ಕ ವಯಸ್ಸಿನವರು ವ್ಯಂಗ್ಯ ಎಂದು ಓದುತ್ತಾರೆ, ಹಿರಿಯರು ನಗು ಎಂದೇ ಓದುತ್ತಾರೆ. ‘ಹಹ’ ಎಂದು ಎರಡಕ್ಷರ ಬರೆಯುವುದು ಕೂಡ ಒಣ ನಗು.

ಹಂತ 8: ನಾಲ್ಕಕ್ಷರದ ಗಾದೆಗಳು, ಹಿಡಿಯಷ್ಟು

ಛಂಗ್2ಯೂ3 ಎಂಬ ನುಡಿಗಟ್ಟುಗಳು ಸಾವಿರಾರು ಇವೆ, ಹೆಚ್ಚಿನವು ನಾಲ್ಕಕ್ಷರದವು. ಎಲ್ಲ ಬೇಡ, ಮಾತಿನಲ್ಲಿ ಹತ್ತು ಸರಿಯಾಗಿ ಬಿದ್ದರೆ ಸಾಕು. ಕನ್ನಡದಲ್ಲಿ ಜೋಡಿ ಇರುವುದನ್ನು ಮೊದಲು ಆರಿಸಿ. ತುಯ್4 ನಿಯೋವ್2 ಥಾನ್2 ಛಿನ್2, ದನದ ಮುಂದೆ ತಂತಿವಾದ್ಯ ನುಡಿಸುವುದು: ನಮ್ಮ ಕೋಣನ ಮುಂದೆ ಕಿನ್ನರಿ. ಚಿಂಗ್3 ತೀ3 ಚೃ1 ವಾ1, ಬಾವಿಯ ತಳದ ಕಪ್ಪೆ: ಕೂಪಮಂಡೂಕ.

ಆದರೆ ಹೋಲಿಕೆಗೆ ಮರುಳಾಗಬೇಡಿ. ವಾಂಗ್2 ಯಾಂಗ್2 ಪೂ3 ಲಾವ್2 ಎಂದರೆ ಕುರಿ ಕಳೆದ ಮೇಲೆ ದೊಡ್ಡಿ ರಿಪೇರಿ ಮಾಡುವುದು. ‘ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂದು ನೀವು ಅಂದುಕೊಂಡಿರುತ್ತೀರಿ. ಅರ್ಥ ಪೂರ್ತಿ ಉಲ್ಟಾ: ಈಗಲಾದರೂ ಸರಿಮಾಡಿದರೆ ತಡವೇನಲ್ಲ ಎನ್ನುತ್ತದೆ ಆ ಮಾತು. ತಪ್ಪು ಒಪ್ಪಿಕೊಂಡ ಸಹೋದ್ಯೋಗಿಗೆ ಸಮಾಧಾನ ಹೇಳಲು ಸೊಗಸಾದ ಗಾದೆ. ನಾವು ಅದನ್ನು ಚುಚ್ಚಲು ಬಳಸಿಬಿಟ್ಟರೆ ಅವರಿಗೆ ಗೊಂದಲ, ನಮಗೆ ಆಶ್ಚರ್ಯ.

ಹಂತ 9: ಕಿವಿಯನ್ನು ಊರೂರಿಗೆ ಕಳಿಸಿ

ಪಾಠದ ಧ್ವನಿಮುದ್ರಣ ವಾರ್ತಾವಾಚಕರದು. ಚೀನಾದಲ್ಲಿ ಹಾಗೆ ಮಾತಾಡುವವರು ಕಡಿಮೆ. ಬೀಜಿಂಗಿನವರು ಪದದ ಕೊನೆಯಲ್ಲಿ ನಾಲಿಗೆ ಮಡಚಿ ‘ರ್’ ಸೇರಿಸುತ್ತಾರೆ. ದಕ್ಷಿಣದವರ ಬಾಯಲ್ಲಿ ಷ, ಸ ಒಂದಾಗುತ್ತವೆ. ನಾಲ್ಕು (ಸ್ಸ್4) ಮತ್ತು ಹತ್ತು (ಷೃ2) ಅನ್ನು ಸ್ವರದಿಂದಲೇ ಬೇರೆ ಮಾಡಬೇಕು. ಸಿಚುವಾನ್, ಹೂನಾನ್ ಕಡೆ ಹಲವರಿಗೆ ನ, ಲ ಒಂದೇ. ಹಾಲನ್ನು ಆಲು ಎನ್ನುವವರ ನಡುವೆ, ಧಾರವಾಡ-ಮಂಗಳೂರು-ಕುಂದಾಪುರಗಳ ನಡುವೆ ಬೆಳೆದ ಕಿವಿಗೆ ಇದೇನು ಹೊಸದಲ್ಲ, ಸಮಯ ಕೊಡಬೇಕು ಅಷ್ಟೇ.

ತೈವಾನ್ ಕಂಪನಿಗಳ ಜೊತೆ ಕೆಲಸ ಮಾಡುವವರಿಗೆ (ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆ ಬಂದ ಮೇಲೆ ನಮ್ಮಲ್ಲೂ ಇದಕ್ಕೆ ಅರ್ಥ ಬಂದಿದೆ) ಬೇರೆ ಪದಗಳೂ ಬೇಕು. ಥೂ3ತೋವ್4 ಎಂದರೆ ಚೀನಾದಲ್ಲಿ ಆಲೂಗಡ್ಡೆ, ತೈವಾನಿನಲ್ಲಿ ಕಡಲೆಕಾಯಿ. ಲಿಪಿಯೂ ಅಲ್ಲಿ ಹಳೆಯ, ಹೆಚ್ಚು ಗೆರೆಗಳ ರೂಪದ್ದು.

ವಿಧಾನ ಹೀಗಿರಲಿ: ಸಹಜ ಸಂಭಾಷಣೆಯ ಎರಡು ನಿಮಿಷದ ತುಣುಕು ಆರಿಸಿ. ಮೊದಲು ಅಕ್ಷರ ನೋಡದೆ ಮೂರು ಸಲ ಕೇಳಿ. ಆಮೇಲೆ ಚೀನೀ ಅಡಿಬರಹ ಇಟ್ಟುಕೊಂಡು ಒಂದು ಸಲ. ಅಲ್ಲಿಯ ಕಾರ್ಯಕ್ರಮಗಳಿಗೆ ಅಡಿಬರಹ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಂತರ ಧ್ವನಿಯ ನೆರಳಿನ ಹಾಗೆ, ಅರ್ಧ ಸೆಕೆಂಡ್ ಹಿಂದೆ, ಅದನ್ನೇ ಹೇಳುತ್ತಾ ಹೋಗಿ. ಒಂದು ತುಣುಕಿಗೆ ನಾಲ್ಕು ದಿನ. ಇಂಗ್ಲಿಷ್ ಅಡಿಬರಹದ ಧಾರಾವಾಹಿ ನೋಡಿ ಚೀನೀ ಕಲಿಯುತ್ತಿದ್ದೇನೆ ಎನ್ನುವವರು ಇಂಗ್ಲಿಷ್ ಓದುತ್ತಿದ್ದಾರೆ.

ಹಂತ 10: ಲಿಪಿ ಎಷ್ಟು ಬೇಕು

ಮಾತಷ್ಟೇ ಸಾಕು, ಅಕ್ಷರ ಬೇಡ ಎನ್ನುವವರನ್ನು ಕಂಡಿದ್ದೇನೆ. ಆರಂಭದಲ್ಲಿ ನಡೆಯುತ್ತದೆ, ಇಲ್ಲಿಂದ ಮುಂದೆ ಇಲ್ಲ. ಒಂದೇ ಉಚ್ಚಾರದ ಪದಗಳು ಅಷ್ಟೊಂದಿವೆ. ಕೈಯಲ್ಲಿ ಬರೆಯುವುದು ಬೇಡ, ಓದಲು ಮತ್ತು ಫೋನಿನಲ್ಲಿ ಒತ್ತಲು ಬಂದರೆ ಸಾಕು. ಹೆಚ್ಚಿನ ಅಕ್ಷರಗಳಲ್ಲಿ ಒಂದು ಭಾಗ ಅರ್ಥಕ್ಕೆ, ಇನ್ನೊಂದು ಭಾಗ ಉಚ್ಚಾರಕ್ಕೆ. ಛಿಂಗ್ ಎಂಬ ಭಾಗಕ್ಕೆ ನೀರಿನ ಚಿಹ್ನೆ ಸೇರಿದರೆ ತಿಳಿ, ಸೂರ್ಯ ಸೇರಿದರೆ ಶುಭ್ರ ಬಿಸಿಲು, ಮಾತಿನ ಚಿಹ್ನೆ ಸೇರಿದರೆ ‘ದಯವಿಟ್ಟು’. ಇಂಥ ಕುಟುಂಬಗಳಾಗಿ ಕಲಿತರೆ ಹೊರೆ ಇಳಿಯುತ್ತದೆ.

ಹಂತ 11: ದಿನಚರಿ, ಜೊತೆಗಾರ, ಮತ್ತು ಒಂದು ಕತೆ

ದಿನಕ್ಕೆ 45 ನಿಮಿಷ: ಹತ್ತು ಸ್ವರಜೋಡಿಗೆ, ಇಪ್ಪತ್ತು ಕೇಳಿ-ನೆರಳಾಗುವುದಕ್ಕೆ, ಉಳಿದದ್ದು ಗಟ್ಟಿಯಾಗಿ ಮಾತಾಡಲು, ಎದುರಿಗೆ ಗೋಡೆ ಇದ್ದರೂ ಪರವಾಗಿಲ್ಲ. ವಾರಕ್ಕೆ ಎರಡು ಸಲ ಅರ್ಧ ಗಂಟೆ ನಿಜವಾದ ಮನುಷ್ಯರ ಜೊತೆ. ಭಾಷೆ ಅದಲುಬದಲು ಮಾಡಿಕೊಳ್ಳುವ ಆ್ಯಪ್‌ಗಳಲ್ಲಿ ಇಂಗ್ಲಿಷ್ ಬೇಕಾದ ಚೀನೀಯರು ಬೇಕಾದಷ್ಟು ಸಿಗುತ್ತಾರೆ. ಅರ್ಧ ಗಂಟೆಯನ್ನು ಗಡಿಯಾರ ಇಟ್ಟು ಪಾಲು ಮಾಡಿ, ಇಲ್ಲವಾದರೆ ಇಂಗ್ಲಿಷ್ ನುಂಗಿಬಿಡುತ್ತದೆ. ಚೀನಾದಲ್ಲಿ ವೈದ್ಯಕೀಯ ಓದುವ ನಮ್ಮ ಮಕ್ಕಳಿಗೆ ಈ ಹುಡುಕಾಟ ಬೇಡ. ವಾರ್ಡಿನ ಅಜ್ಜಿಯರೇ ಗುರುಗಳು. ಪರೀಕ್ಷೆಯ ಹಂಬಲ ಇದ್ದರೆ ಎಚ್‌ಎಸ್‌ಕೆ ಜೊತೆ ಮಾತಿಗಾಗಿಯೇ ಇರುವ ಎಚ್‌ಎಸ್‌ಕೆಕೆ ನೋಡಿ. 2021ರ ಹೊಸ ಮಾನದಂಡದಲ್ಲಿ ಆರರ ಬದಲು ಒಂಬತ್ತು ಮಟ್ಟ, ಪದಗಳು 11,092. ಅದನ್ನು ನೋಡಿ ಹೆದರಬೇಡಿ, ಹರಟೆಗೆ ಅಷ್ಟು ಬೇಡ.

ಕೊನೆಗೆ, ನಿಮ್ಮ ಊರಿನ ಬಗ್ಗೆ ಮೂರು ನಿಮಿಷದ ಕತೆಯೊಂದನ್ನು ಚೀನಿಯಲ್ಲಿ ಕಟ್ಟಿಟ್ಟುಕೊಳ್ಳಿ. ಭಾರತ ಎಂದ ಕೂಡಲೇ ಅಲ್ಲಿಯವರ ಬಾಯಲ್ಲಿ ಬರುವ ಹೆಸರು ಥಾಂಗ್2 ಸಂಗ್1, ಹಳೆಯ ಚೀನೀ ಕಾದಂಬರಿಯಲ್ಲಿ ಕೋತಿವೀರ ಸುನ್ ವೂಕುಂಗ್‌ನ ಜೊತೆ ಪಶ್ಚಿಮಕ್ಕೆ ಧರ್ಮಗ್ರಂಥ ತರಲು ಹೋದ ಭಿಕ್ಷು. ಕತೆಯ ಹಿಂದಿರುವ ನಿಜವಾದ ಮನುಷ್ಯ ಶ್ವೆನ್2ತ್ಸಾಂಗ್4, ನಮ್ಮ ಪಠ್ಯಪುಸ್ತಕದ ಹ್ಯೂಯೆನ್ ತ್ಸಾಂಗ್. ಹಿರಿಯರಾದರೆ ಖ1 ತೀ4ಹುವಾ2 ಎಂದೂ ಕೇಳಬಹುದು; 1938ರಲ್ಲಿ ವೈದ್ಯರ ತಂಡದಲ್ಲಿ ಹೋಗಿ 1942ರಲ್ಲಿ ಅಲ್ಲೇ ತೀರಿಕೊಂಡ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರು.

ನಾನು ಆರಿಸಿಕೊಂಡದ್ದು ಭಿಕ್ಷುವನ್ನು. "ಅವರು ನಮ್ಮ ಕಡೆಗೂ ಬಂದಿದ್ದರು. ಆಗ ಆಳುತ್ತಿದ್ದ ರಾಜ ಪುಲಕೇಶಿ, ಅವನ ರಾಜಧಾನಿ ಬಾದಾಮಿ ಈಗ ನಮ್ಮ ರಾಜ್ಯದಲ್ಲಿದೆ. ಉತ್ತರದ ಹರ್ಷ ಚಕ್ರವರ್ತಿಗೂ ಇವನನ್ನು ಸೋಲಿಸಲಾಗಲಿಲ್ಲ ಎಂದು ಅವರೇ ಬರೆದಿದ್ದಾರೆ." ಇಷ್ಟರಲ್ಲಿ ‘ಅವರು ಬರೆದ’ ಎಂಬ ‘ತ’ ಬರುತ್ತದೆ, ‘ಸೋಲಿಸಲಾಗಲಿಲ್ಲ’ ಎಂಬ ‘ಪು’ ಬರುತ್ತದೆ (ತಾ3 ಪು ಯಿಂಗ್2), ‘ರಾನ್2ಹೋವ್4’ ನಾಲ್ಕು ಸಲ ಬರುತ್ತದೆ. ಕನ್ನಡಿಯಲ್ಲಿ ನೋಡುತ್ತಿದ್ದ ಟ್ಯಾಕ್ಸಿಯ ಷೃ1ಫ಼ು "ಚನ್1 ತ ಮಾ?" (ನಿಜವಾಗ್ಲೂನಾ?) ಎಂದು ಹಿಂದೆ ತಿರುಗಿದರೆ ಮೊದಲು "ರಸ್ತೆ ನೋಡಿ, ಖಾನ್4 ಲೂ4, ಖಾನ್4 ಲೂ4!" ಎನ್ನಿ. ಆಮೇಲೆ ಕತೆ ಮುಂದುವರಿಸಿ.